ದೊಡ್ಡವ್ವನ 36 ನಿಮಿಷ

ಕಾರು ಹೆಚ್ಚು ಹೊತ್ತು ನಿಲ್ಲಿಸಿದ್ದಕ್ಕೆ ದುಡ್ಡು ಕೇಳುವ ಪಾರ್ಕಿಂಗ್ ಕಾಗದ ಬಂದದ್ದು ಒಂದು ಮಂಗಳವಾರ. ನನ್ನ ಗೆಳೆಯನಿಗೆ ಅದು ಗೊತ್ತಾದದ್ದು ಒಂಬತ್ತು ದಿನ ಆದಮೇಲೆ. ಅವನ ದೊಡ್ಡವ್ವ ಅದನ್ನು ಮಡಚಿ ದೇವರ ಗೂಡಿನಲ್ಲಿ, ಕುಂಕುಮದ ಭರಣಿಯ ಕೆಳಗೆ ಇಟ್ಟುಬಿಟ್ಟಿದ್ದರು. ಯಾಕೆ ಅಂದರೆ ಆ ದಿನ ಕಾರು ಓಡಿಸಿದ್ದು ದೊಡ್ಡಪ್ಪ. ಕಾಗದ ಕಣ್ಣಿಗೆ ಬಿದ್ದರೆ "ನನ್ನಿಂದ ದಂಡ ಬಿತ್ತು" ಅಂತ ಅವರು ಕಾರು ಮುಟ್ಟುವುದನ್ನೇ ಬಿಟ್ಟಾರು ಅನ್ನುವ ಭಯ ಇವರಿಗೆ. ದೊಡ್ಡಪ್ಪ ಕಾರು ಬಿಟ್ಟರೆ ದೊಡ್ಡವ್ವ ಮನೆಯಿಂದ ಹೊರಗೆ ಹೋಗುವುದೇ ನಿಲ್ಲುತ್ತದೆ.

ದೊಡ್ಡವ್ವನಿಗೆ 71 ವರ್ಷ. ಧಾರವಾಡದವರು, ಇಂಗ್ಲೆಂಡಿಗೆ ಬಂದು 38 ವರ್ಷ ಆಯಿತು. ಅವರಿಗೆ ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಕೀಲುಗಳೆಲ್ಲ ಊದಿಕೊಳ್ಳುವ ಸಂಧಿವಾತ. ಕೈಬೆರಳುಗಳು ಒಂದು ಕಡೆಗೆ ವಾಲಿಕೊಂಡಿವೆ. ಸೀಟ್ ಬೆಲ್ಟಿನ ಕೆಂಪು ಗುಂಡಿಯನ್ನು ಬೆರಳಿನಿಂದ ಒತ್ತಲು ಆಗುವುದಿಲ್ಲ. ಅಂಗೈಯ ಬುಡ ಇಟ್ಟು, ಮೈಭಾರ ಹಾಕಿ ಒತ್ತುತ್ತಾರೆ. ಒಂದೊಂದು ಸಲ ಎರಡನೇ ಪ್ರಯತ್ನಕ್ಕೆ ಬಿಡುತ್ತದೆ, ಒಂದೊಂದು ಸಲ ಐದನೆಯದಕ್ಕೆ. ನಡೆಯಲು ವಾಕರ್ ಬೇಕು. ಬ್ಲೂ ಬ್ಯಾಡ್ಜ್, ಅಂದರೆ ಅಂಗವಿಕಲರ ಪಾರ್ಕಿಂಗ್ ಕಾರ್ಡ್, ಇದೆ. ಕಾರು ಅವರ ಹೆಸರಿನಲ್ಲೇ ಇದೆ.

ಸೂಪರ್‌ಮಾರ್ಕೆಟ್ಟಿನ ಕಾರ್ ಪಾರ್ಕ್ ಅದು. 90 ನಿಮಿಷ ಪುಕ್ಕಟೆ. ಕಾರು ಒಳಗೆ ಹೋದದ್ದು 11:04ಕ್ಕೆ, ಹೊರಗೆ ಬಂದದ್ದು 1:09ಕ್ಕೆ. ಎರಡಕ್ಕೂ ಕ್ಯಾಮೆರಾ ತೆಗೆದ ಫೋಟೊ ಕಾಗದದಲ್ಲಿತ್ತು. 125 ನಿಮಿಷ, ಅಂದರೆ 35 ನಿಮಿಷ ಜಾಸ್ತಿ. ಅದಕ್ಕೆ 100 ಪೌಂಡ್, 14 ದಿನದೊಳಗೆ ಕೊಟ್ಟರೆ 60.

ನಾನು ಅವರ ಮನೆಗೆ ಹೋದಾಗ ಆ 14 ದಿನದಲ್ಲಿ ಮೂರು ದಿನ ಉಳಿದಿತ್ತು. ದೊಡ್ಡವ್ವ ಚಹಾ ಕೊಟ್ಟು ಹೇಳಿದ ಮೊದಲ ಮಾತು, "ಅರವತ್ತು ಪೌಂಡ್ ಕೊಟ್ಟು ಕೈ ತೊಳ್ಕೊಳ್ಳೋಣು ಬಿಡು ತಮ್ಮಾ. ಈ ವಯಸ್ಸಿನ್ಯಾಗ ನಮಗ್ಯಾಕ ಬೇಕು ಕೋರ್ಟು ಕಚೇರಿ?"

ಈ ಮಾತು ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಕೇಳಿಬಂದಿದೆಯೋ ನನಗೆ ಗೊತ್ತು. "ಗೆದ್ದವ ಸೋತ, ಸೋತವ ಸತ್ತ" ಅಂತ ಕೇಳಿಕೊಂಡೇ ಬೆಳೆದವರು ನಾವು. ನಮ್ಮ ಅಜ್ಜಂದಿರು ಹೊಲದ ಬದುವಿನ ವ್ಯಾಜ್ಯಕ್ಕೆ ಇಪ್ಪತ್ತು ವರ್ಷ ಅಲೆದದ್ದನ್ನು ನೋಡಿದವರು. ಹಾಗಾಗಿ ಕಾಗದದ ಮೇಲೆ ಕೆಂಪು ಅಕ್ಷರ ಕಂಡ ಕೂಡಲೇ ಎದೆ ಧಸಕ್ಕೆನ್ನುತ್ತದೆ, ಕೈ ಬ್ಯಾಂಕ್ ಕಾರ್ಡಿನ ಕಡೆಗೆ ಹೋಗುತ್ತದೆ. ಆದರೆ ಆ ಕಾಗದ ಏನು ಅಂತ ಮೊದಲು ನೋಡಬೇಕು ಅಲ್ವಾ?

ಇಲ್ಲಿ ಪಿಸಿಎನ್ ಅನ್ನುವ ಮೂರಕ್ಷರಕ್ಕೆ ಎರಡು ಅರ್ಥ ಇದೆ. ಕೌನ್ಸಿಲ್, ಅಂದರೆ ಇಲ್ಲಿನ ಸ್ಥಳೀಯ ಆಡಳಿತ, ಕಳಿಸಿದರೆ ಅದು ಪೆನಾಲ್ಟಿ ಚಾರ್ಜ್ ನೋಟಿಸ್. ಅದರ ಹಿಂದೆ 2004ರ ಟ್ರಾಫಿಕ್ ಮ್ಯಾನೇಜ್‌ಮೆಂಟ್ ಕಾಯ್ದೆ ಇರುತ್ತದೆ. ಖಾಸಗಿ ಕಂಪನಿ ಕಳಿಸಿದರೆ ಅದು ಪಾರ್ಕಿಂಗ್ ಚಾರ್ಜ್ ನೋಟಿಸ್. ಅದು ಸರ್ಕಾರದ ದಂಡ ಅಲ್ಲ. ಅದೊಂದು ಬಿಲ್ಲು. "ನೀವು ನಮ್ಮ ಬೋರ್ಡಿನ ಷರತ್ತು ಒಪ್ಪಿ ಒಳಗೆ ಬಂದಿರಿ, ಷರತ್ತು ಮುರಿದಿರಿ, ಇಷ್ಟು ಕೊಡಿ" ಅಂತ ಒಂದು ಕಂಪನಿ ಕೇಳುತ್ತಿದೆ, ಅಷ್ಟೆ. ಎರಡೂ ಕಾಗದ ನೋಡಲು ಒಂದೇ ಥರ ಇರುತ್ತವೆ. ಅದೇ ಹಳದಿ, ಅದೇ ಕಪ್ಪು. ಮೇಲಿನ ಹೆಸರು ಓದಿ. ಕೌನ್ಸಿಲ್ ಹೆಸರು ಇಲ್ಲ, ಪೊಲೀಸರ ಹೆಸರು ಇಲ್ಲ ಅಂದರೆ ನಾನು ಇವತ್ತು ಹೇಳುವುದು ನಿಮಗೆ ಅನ್ವಯಿಸುತ್ತದೆ. ಇದು ಇಂಗ್ಲೆಂಡ್ ಮತ್ತು ವೇಲ್ಸ್ ಮಾತು. ಸ್ಕಾಟ್‌ಲೆಂಡಿನ ಕಾನೂನು ಬೇರೆ.

ಬಿಲ್ಲು ಅಂದೆ. ಹಾಗಂತ ಹರಿದು ಬಿಸಾಡಬೇಡಿ. ಹತ್ತು ಹದಿನೈದು ವರ್ಷದ ಹಿಂದೆ "ಸುಮ್ನೆ ಇದ್ದುಬಿಡಿ, ಏನೂ ಆಗಲ್ಲ" ಅಂತ ಎಲ್ಲರೂ ಹೇಳುತ್ತಿದ್ದರು. ಈಗ ಅದು ತಪ್ಪು ಸಲಹೆ. 2012ರ ಅಕ್ಟೋಬರ್ 1ರಂದು ಎರಡು ಸಂಗತಿ ಒಟ್ಟಿಗೆ ಆದವು. ಖಾಸಗಿ ಜಾಗದಲ್ಲಿ ಗಾಲಿಗೆ ಬೀಗ ಹಾಕುವುದು ನಿಂತಿತು. ಅದರ ಜೊತೆಗೇ, ಓಡಿಸಿದವರು ಯಾರು ಅಂತ ಗೊತ್ತಾಗದಿದ್ದರೆ ಕಾರು ಯಾರ ಹೆಸರಿನಲ್ಲಿದೆಯೋ ಅವರಿಂದಲೇ ದುಡ್ಡು ಕೇಳುವ ಅಧಿಕಾರ ಕಂಪನಿಗಳಿಗೆ ಬಂತು. ಪ್ರೊಟೆಕ್ಷನ್ ಆಫ್ ಫ್ರೀಡಮ್ಸ್ ಕಾಯ್ದೆಯ ನಾಲ್ಕನೇ ಶೆಡ್ಯೂಲ್ ಅದು. ಕಂಪನಿ ವಾಹನಗಳ ದಾಖಲೆ ಇಡುವ ಸರ್ಕಾರಿ ಸಂಸ್ಥೆ ಡಿವಿಎಲ್‌ಎಗೆ ಎರಡೂವರೆ ಪೌಂಡ್ ಕಟ್ಟಿ ನಿಮ್ಮ ಹೆಸರು, ವಿಳಾಸ ತೆಗೆದುಕೊಳ್ಳುತ್ತದೆ. ಈಗ ವರ್ಷಕ್ಕೆ ಒಂದು ಕೋಟಿಗೂ ಹೆಚ್ಚು ಸಲ ಹೀಗೆ ವಿಳಾಸ ಕೇಳುತ್ತಾರೆ.

ಆದರೆ ಆ ಅಧಿಕಾರಕ್ಕೂ ಷರತ್ತು ಇದೆ. ಗಾಜಿನ ಮೇಲೆ ಚೀಟಿ ಅಂಟಿಸದೆ ಬರೀ ಕ್ಯಾಮೆರಾ ನೋಡಿ ಕಳಿಸಿದ ನೋಟಿಸು, ಕಾರು ನಿಲ್ಲಿಸಿದ ಮರುದಿನದಿಂದ ಲೆಕ್ಕ ಹಾಕಿ 14 ದಿನದೊಳಗೆ ಕೈ ಸೇರಬೇಕು. ತಡವಾದರೆ ಕಾರಿನ ಹೆಸರುದಾರರನ್ನು ಹಿಡಿಯಲು ಬರುವುದಿಲ್ಲ, ಓಡಿಸಿದವರನ್ನು ಮಾತ್ರ ಕೇಳಬೇಕು. ಓಡಿಸಿದವರು ಯಾರು ಅಂತ ಖಾಸಗಿ ಕಂಪನಿಗೆ ಹೇಳಲೇಬೇಕು ಅನ್ನುವ ಕಾನೂನು ಇಲ್ಲ. ಅದಕ್ಕೇ ಲಕೋಟೆ ಎಸೆಯಬೇಡಿ, ಅದರ ಮೇಲೆ ಬಂದ ತಾರೀಕು ಬರೆದಿಡಿ ಅನ್ನುವುದು. ದೊಡ್ಡವ್ವನ ಕಾಗದ ಎಂಟನೇ ದಿನಕ್ಕೇ ಬಂದಿತ್ತು. ಆ ದಾರಿ ನಮಗೆ ಮುಚ್ಚಿತ್ತು.

ಗೆಳೆಯ ಅಷ್ಟರಲ್ಲಿ ಒಂದು ಮೇಲ್ಮನವಿ ಬರೆದಿಟ್ಟಿದ್ದ. ಇನ್ನೇನು ಕಳಿಸಬೇಕು, ನಾನು ತಡೆದೆ. ಅದರಲ್ಲಿ ಎರಡೇ ಮಾತು ಇತ್ತು. ಒಂದು, ಬ್ಲೂ ಬ್ಯಾಡ್ಜ್ ಗಾಜಿನ ಹತ್ತಿರ ಇಟ್ಟಿದ್ದೆವು. ಎರಡು, 100 ಪೌಂಡ್ ಅನ್ಯಾಯ. ಎರಡೂ ನಿಜ. ಆದರೆ ಎರಡೂ ನಿಲ್ಲುವುದಿಲ್ಲ.

ದುಡ್ಡು ಜಾಸ್ತಿ ಅನ್ನುವ ವಾದವನ್ನು 2015ರಲ್ಲಿ ಸುಪ್ರೀಂ ಕೋರ್ಟೇ ತೀರ್ಮಾನಿಸಿಬಿಟ್ಟಿದೆ. ಚೆಲ್ಮ್ಸ್‌ಫರ್ಡಿನ ಒಂದು ರಿಟೇಲ್ ಪಾರ್ಕಿನಲ್ಲಿ ಬ್ಯಾರಿ ಬೀವಿಸ್ ಅನ್ನುವವರು ಎರಡು ಗಂಟೆಯ ಮಿತಿ ದಾಟಿ 56 ನಿಮಿಷ ಕಾರು ನಿಲ್ಲಿಸಿದ್ದರು. 85 ಪೌಂಡ್ ಕೊಡಲ್ಲ ಅಂತ ಕೊನೆಯವರೆಗೂ ಹೋದರು. ಬಂದವರು ಬೇಗ ಹೋಗಲಿ, ಮುಂದಿನವರಿಗೆ ಜಾಗ ಸಿಗಲಿ ಅನ್ನುವುದರಲ್ಲಿ ಕಂಪನಿಗೂ ಅಂಗಡಿಗಳಿಗೂ ನ್ಯಾಯವಾದ ಹಿತ ಇದೆ, ಅದಕ್ಕೆ 85 ಪೌಂಡ್ ಅತಿಯಲ್ಲ ಅಂತ ಕೋರ್ಟು ಹೇಳಿತು. ಆದರೆ ಅಂಗವಿಕಲರಿಗೆ ಹೆಚ್ಚು ಸಮಯ ಕೊಡಬೇಕೋ ಬೇಡವೋ ಅನ್ನುವ ಪ್ರಶ್ನೆ ಆ ಮೊಕದ್ದಮೆಯಲ್ಲಿ ಬಂದೇ ಇರಲಿಲ್ಲ. ಇದನ್ನು ನೆನಪಿಡಿ.

ಇನ್ನು ಬ್ಯಾಡ್ಜು. 1970ರ ಕಾಯ್ದೆಯಿಂದ ಹುಟ್ಟಿದ್ದು ಅದು. ಮೊದಲು ಕಿತ್ತಳೆ ಬಣ್ಣ ಇತ್ತು, 2000ದಿಂದ ನೀಲಿ ಆಯಿತು. ಹಳದಿ ಗೆರೆಯ ಮೇಲೆ ಮೂರು ಗಂಟೆ ನಿಲ್ಲಿಸಬಹುದು ಅಂತೆಲ್ಲ ನಮಗೆ ಗೊತ್ತಿರುವ ರಿಯಾಯಿತಿಗಳು ಸಾರ್ವಜನಿಕ ರಸ್ತೆಗೆ ಸಂಬಂಧಿಸಿದವು. ಖಾಸಗಿ ಜಾಗದಲ್ಲಿ ಆ ನೀಲಿ ಕಾರ್ಡಿಗೆ ಅಂಥ ಕಾನೂನಿನ ಬಲ ಇಲ್ಲ. "ಬ್ಯಾಡ್ಜ್ ಇತ್ತು" ಅಂತ ಮಾತ್ರ ಬರೆದರೆ "ಬ್ಯಾಡ್ಜ್ ಇದ್ದವರಿಗೂ 90 ನಿಮಿಷವೇ" ಅಂತ ಉತ್ತರ ಬರುತ್ತದೆ.

ಬಲ ಇರುವುದು ಬೇರೆ ಕಡೆ. 2010ರ ಈಕ್ವಾಲಿಟಿ ಕಾಯ್ದೆಯಲ್ಲಿ. ಅದು ಬ್ಯಾಡ್ಜನ್ನು ನೋಡುವುದಿಲ್ಲ, ಮನುಷ್ಯರನ್ನು ನೋಡುತ್ತದೆ. ದೇಹದ್ದೋ ಮನಸ್ಸಿನದ್ದೋ ತೊಂದರೆ, ಅದರಿಂದ ದಿನದ ಕೆಲಸಕ್ಕೆ ದೊಡ್ಡ ಅಡ್ಡಿ, ಅದು ಒಂದು ವರ್ಷಕ್ಕಿಂತ ಹೆಚ್ಚು ಇದೆ ಅಥವಾ ಇರುವಂಥದ್ದು ಅಂದರೆ ಸಾಕು, ಅವರು ಆ ಕಾನೂನಿನ ಪ್ರಕಾರ ಅಂಗವಿಕಲರು. ಕ್ಯಾನ್ಸರ್, ಎಚ್ಐವಿ, ಮಲ್ಟಿಪಲ್ ಸ್ಕ್ಲೆರೋಸಿಸ್ ಇದ್ದವರು ಕಾಯಿಲೆ ಪತ್ತೆಯಾದ ದಿನದಿಂದಲೇ ಆ ಲೆಕ್ಕಕ್ಕೆ ಬರುತ್ತಾರೆ. ಬ್ಯಾಡ್ಜ್ ಇಲ್ಲದವರೂ ಇದನ್ನು ಕೇಳಬಹುದು.

ಆ ಕಾಯ್ದೆಯ 20ನೇ ಸೆಕ್ಷನ್ ಹೇಳುವುದು ಇಷ್ಟು. ಸೇವೆ ಕೊಡುವವರ ಒಂದು ನಿಯಮದಿಂದ ಅಂಗವಿಕಲರಿಗೆ ಬೇರೆಯವರಿಗಿಂತ ಹೆಚ್ಚು ತೊಂದರೆ ಆಗುತ್ತಿದ್ದರೆ, ಅದನ್ನು ತಪ್ಪಿಸಲು ನ್ಯಾಯವಾದ ಮಾರ್ಪಾಡು ಮಾಡಬೇಕು. ಯಾರಾದರೂ ಬಂದು ಗೋಗರೆಯುವ ತನಕ ಕಾಯುವ ಹಾಗಿಲ್ಲ, ಮೊದಲೇ ಯೋಚಿಸಬೇಕು. "ಎಲ್ಲರಿಗೂ ಒಂದೇ 90 ನಿಮಿಷ, ಇದರಲ್ಲಿ ಭೇದ ಎಲ್ಲಿ?" ಅಂತ ಕೇಳುತ್ತಾರಲ್ಲ, ತೊಂದರೆ ಇರುವುದು ಅಲ್ಲೇ. ಕಾಲು ಗಟ್ಟಿ ಇರುವವರಿಗೆ 90 ನಿಮಿಷ ಅಂದರೆ ಅಂಗಡಿಯೊಳಗೆ ಸುಮಾರು 80 ನಿಮಿಷ. ದೊಡ್ಡವ್ವನಿಗೆ ಎಷ್ಟು?

ಈ "ಎಷ್ಟು" ಅನ್ನುವುದನ್ನೇ ನಾವು ಅಳೆಯಲು ಹೊರಟೆವು. ಮರುದಿನ ಬೆಳಿಗ್ಗೆ ಅದೇ ಕಾರ್ ಪಾರ್ಕಿಗೆ ಹೋದೆವು. ಖರೀದಿ ಏನೂ ಇಲ್ಲ, ಇಳಿಯುವುದು, ಬಾಗಿಲವರೆಗೆ ನಡೆಯುವುದು, ವಾಪಸ್ ಬಂದು ಹತ್ತುವುದು. ಗೆಳೆಯನ ಕೈಯಲ್ಲಿ ಫೋನಿನ ಗಡಿಯಾರ, ನನ್ನ ಕೈಯಲ್ಲಿ ಪುಸ್ತಕ. ದೊಡ್ಡಪ್ಪನಿಗೂ ವಿಷಯ ಹೇಳಿಯಾಗಿತ್ತು. ಅವರು ಬೈಯಲಿಲ್ಲ, ಬೇಜಾರೂ ಮಾಡಿಕೊಳ್ಳಲಿಲ್ಲ. "ನನಗ ಮೊದಲ ಹೇಳಬಾರದಿತ್ತೇನು?" ಅಂತ ಒಂದೇ ಮಾತು ಕೇಳಿ, ಡಿಕ್ಕಿಯಿಂದ ವಾಕರ್ ತೆಗೆದರು.

ಬೆಲ್ಟ್ ಬಿಚ್ಚಿ, ಕಾಲು ಎರಡೂ ಹೊರಗೆ ತಿರುಗಿಸಿ, ದೊಡ್ಡಪ್ಪನ ತೋಳು ಹಿಡಿದು ಎದ್ದು, ವಾಕರಿಗೆ ಕೈ ಕೊಡುವ ಹೊತ್ತಿಗೆ 7 ನಿಮಿಷ. ಬಾಗಿಲಿಗೆ 9. ನಡುವೆ ಟ್ರಾಲಿ ನಿಲ್ಲಿಸುವ ಕಂಬಿಗೆ ಒರಗಿ ಒಂದು ಸಲ ನಿಂತರು. ನನ್ನ ಜೊತೆ ಮಾತಾಡಲು ನಿಂತವರ ಥರ ತೋರಿಸಿಕೊಂಡರು, ಆದರೆ ಮಂಡಿ ನಡುಗುತ್ತಿದ್ದದ್ದು ಸೀರೆಯ ನೆರಿಗೆಯಲ್ಲಿ ಕಾಣುತ್ತಿತ್ತು. ವಾಪಸ್ ಬರಲು 11. ಕಾರು ಹತ್ತಿ, ವಾಕರ್ ಒಳಗಿಟ್ಟು, ಬೆಲ್ಟ್ ಹಾಕಿಕೊಳ್ಳಲು 9. ಇಷ್ಟು ವರ್ಷ ಅವರ ಮನೆಗೆ ಹೋಗಿ ಬಂದು ಮಾಡಿದ್ದೇನೆ, ಅವರ ಕೈಯ ಚಹಾ ಕುಡಿದಿದ್ದೇನೆ. ಕಾರಿನಿಂದ ಅಂಗಡಿ ಬಾಗಿಲಿಗೆ ಹೋಗುವುದು ಅವರಿಗೆ ಏನು ಅಂತ ನನಗೆ ಗೊತ್ತಾದದ್ದು ಆವತ್ತೇ.

ಇನ್ನೊಂದು 8 ನಿಮಿಷ ಇತ್ತು. ದಂಡದ ದಿನ ಅಂಗವಿಕಲರ ಜಾಗ ಎಲ್ಲ ತುಂಬಿ, ಒಂದು ಖಾಲಿ ಆಗುವ ತನಕ ಕಾದದ್ದು. ಕ್ಯಾಮೆರಾ ಕಾರು ಗೇಟು ದಾಟಿದ್ದನ್ನು ಮಾತ್ರ ನೋಡುತ್ತದೆ, ನಿಂತದ್ದನ್ನಲ್ಲ. ಈ 8 ದೊಡ್ಡಪ್ಪನ ನೆನಪಿನ ಲೆಕ್ಕ. ನೆನಪಿನ ಲೆಕ್ಕ ಅಂತಲೇ ಬರೆದೆವು. ಅಳೆದದ್ದನ್ನು ಅಳೆದದ್ದು ಅನ್ನಿ, ನೆನಪಿನಿಂದ ಹೇಳಿದ್ದನ್ನು ಹಾಗೆಯೇ ಹೇಳಿ. ಎರಡನ್ನೂ ಬೆರೆಸಿದರೆ ಅಳೆದದ್ದನ್ನೂ ಯಾರೂ ನಂಬುವುದಿಲ್ಲ.

ಒಟ್ಟು 44 ನಿಮಿಷ. ಇದೇ ಕೆಲಸಕ್ಕೆ ನನಗೆ ಎಷ್ಟು ಬೇಕು ಅಂತಲೂ ನೋಡಿದೆವು. ಧಾರಾಳವಾಗಿ ಹಿಡಿದರೆ 8. ಅಂದರೆ ಕಾಯಿಲೆಯ ಕಾರಣಕ್ಕೇ ಹೋದದ್ದು 36 ನಿಮಿಷ. ಕಂಪನಿ ಜಾಸ್ತಿ ಆಯಿತು ಅನ್ನುತ್ತಿದ್ದದ್ದು 35.

ನಿಜ ಹೇಳಬೇಕೆಂದರೆ ಇನ್ನೂ 10 ನಿಮಿಷ ಇತ್ತು. ಅಂಗವಿಕಲರ ಶೌಚಾಲಯಕ್ಕೆ ಬೀಗ ಇತ್ತು, ಕೀಲಿ ತರಿಸಲು ಕಾಯಬೇಕಾಯಿತು. ಗೆಳೆಯ ಅದನ್ನೂ ಬರೆಯೋಣ, ಕೇಸು ಗಟ್ಟಿಯಾಗುತ್ತದೆ ಅಂದ. ದೊಡ್ಡವ್ವ ತಲೆ ತಗ್ಗಿಸಿ, "ಅದೊಂದು ಬ್ಯಾಡ" ಅಂದರು. ತೆಗೆದುಹಾಕಿದೆವು. ನೀವು ಯಾರಿಗಾದರೂ ಸಹಾಯ ಮಾಡಲು ಹೋದರೆ ದಯವಿಟ್ಟು ಇದನ್ನು ಮನಸ್ಸಿನಲ್ಲಿಡಿ. ಕೇಸು ಅವರದು, ದೇಹ ಅವರದು. ಬರೆದ ಪ್ರತಿ ಸಾಲನ್ನೂ ಕನ್ನಡದಲ್ಲಿ ಅವರಿಗೆ ಓದಿ ಹೇಳಿ. ಬೇಡ ಅಂದದ್ದನ್ನು ಬಿಡಿ. ಆಸ್ಪತ್ರೆಯ ಇಡೀ ಫೈಲನ್ನು ಪಾರ್ಕಿಂಗ್ ಕಂಪನಿಗೆ ಕಳಿಸುವ ಅಗತ್ಯ ಇಲ್ಲ. ನಾವು ಕಳಿಸಿದ್ದು ಬ್ಯಾಡ್ಜಿನ ಫೋಟೊ, ಅಟೆಂಡೆನ್ಸ್ ಅಲೋಯನ್ಸ್ (ನೆರವು ಬೇಕಾದ ಹಿರಿಯರಿಗೆ ಸರ್ಕಾರ ಕೊಡುವ ಭತ್ಯೆ) ಮಂಜೂರಾದ ಪತ್ರದ ಮೊದಲ ಪುಟ, ಅಂಗಡಿಯ ರಸೀದಿ, ಮತ್ತು ಈ ನಿಮಿಷದ ಲೆಕ್ಕ. ಜೊತೆಗೆ "ನನ್ನ ಪರವಾಗಿ ಇವರು ಪತ್ರ ವ್ಯವಹಾರ ಮಾಡಲು ಒಪ್ಪಿಗೆ ಇದೆ" ಅಂತ ದೊಡ್ಡವ್ವ ಸಹಿ ಮಾಡಿದ ಎರಡು ಸಾಲು. ಆ ಸಹಿ ಮಾಡಲು ಅವರು ಪೆನ್ನಿಗೆ ಬಟ್ಟೆ ಸುತ್ತಿಕೊಂಡರು.

ಪತ್ರ ಕಾರಿನ ಹೆಸರುದಾರರಾಗಿ ದೊಡ್ಡವ್ವ ಬರೆದಂತೆ ಇತ್ತು. ಓಡಿಸಿದವರು ಯಾರು ಅಂತ ಎಲ್ಲೂ ಇರಲಿಲ್ಲ. ಕ್ಷಮೆ ಕೇಳಿರಲಿಲ್ಲ, ಕರುಣೆಯನ್ನೂ ಕೇಳಿರಲಿಲ್ಲ. "ನಿಮ್ಮ 90 ನಿಮಿಷದಲ್ಲಿ ನನಗೆ ಸಿಕ್ಕಿದ್ದು ಇಷ್ಟು. ಈಕ್ವಾಲಿಟಿ ಕಾಯ್ದೆಯ 20 ಮತ್ತು 29ನೇ ಸೆಕ್ಷನ್ ಪ್ರಕಾರ ಹೆಚ್ಚಿನ ಸಮಯ ಕೊಡುವುದು ನಿಮ್ಮ ಕರ್ತವ್ಯ. ಚಾರ್ಜ್ ರದ್ದು ಮಾಡಿ, ಮುಂದಕ್ಕೂ ನನಗೆ ಆ ಸಮಯ ಕೊಡಿ." ಸಾರಾಂಶ ಇಷ್ಟೇ.

ಕಂಪನಿ ತಿರಸ್ಕರಿಸಿತು. ಬ್ಯಾಡ್ಜ್ ಇದ್ದವರಿಗೂ ಅದೇ ಮಿತಿ ಅಂತ ಸಿದ್ಧಪಡಿಸಿಟ್ಟ ಉತ್ತರ. ನಿಮಿಷದ ಲೆಕ್ಕದ ಬಗ್ಗೆ ಒಂದು ಅಕ್ಷರ ಇರಲಿಲ್ಲ. ಆ ದಿನ ನನಗೆ ನಿಜವಾಗಲೂ ಹೊಟ್ಟೆ ಉರಿಯಿತು.

ತಿರಸ್ಕಾರದ ಪತ್ರದ ಕೊನೆಯಲ್ಲಿ ಪಾಪ್ಲಾ ಕೋಡ್ ಇರುತ್ತದೆ, ನೋಡಿ. ಪಾಪ್ಲಾ ಅಂದರೆ ಖಾಸಗಿ ಪಾರ್ಕಿಂಗ್ ಚಾರ್ಜಿನ ಮೇಲ್ಮನವಿ ಕೇಳುವ ಸಂಸ್ಥೆ. ಬ್ರಿಟಿಷ್ ಪಾರ್ಕಿಂಗ್ ಅಸೋಸಿಯೇಷನ್ನಿನ ಸದಸ್ಯ ಕಂಪನಿ ಆದರೆ ಮೇಲ್ಮನವಿ ಪಾಪ್ಲಾಕ್ಕೆ, 28 ದಿನದೊಳಗೆ. ಇನ್ನೊಂದು ಸಂಘದ ಸದಸ್ಯರಾದರೆ ಐಎಎಸ್ ಅನ್ನುವ ಬೇರೆ ಮೇಲ್ಮನವಿ ಸಂಸ್ಥೆಗೆ. ಪಾಪ್ಲಾಕ್ಕೆ ನಾವು ದುಡ್ಡು ಕಟ್ಟಬೇಕಿಲ್ಲ. ಅದರ ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ, ನಮ್ಮನ್ನಲ್ಲ. ಆದರೆ ಅಲ್ಲಿಗೆ ಹೋದಮೇಲೆ 60ರ ರಿಯಾಯಿತಿ ಹೋಗುತ್ತದೆ, ಸೋತರೆ ಪೂರ್ತಿ 100 ಕೇಳುತ್ತಾರೆ. ಇದನ್ನು ದೊಡ್ಡವ್ವನಿಗೆ ಮುಚ್ಚಿಡದೆ ಹೇಳಿದೆ. ಅವರು ಒಂದು ದಿನ ಯೋಚನೆ ಮಾಡಿ, "ಅಳದೀವಲ್ಲ, ಈಗ ಯಾಕ ಬಿಡಬೇಕು" ಅಂದರು. ಕೈ ತೊಳೆದುಕೊಳ್ಳೋಣ ಅಂದವರೇ ಅವರು.

ಪಾಪ್ಲಾಕ್ಕೆ ಬರೆಯುವ ಮೊದಲು ಇನ್ನೊಂದು ಬಾಗಿಲು ತಟ್ಟಿದೆವು. ಪಾರ್ಕಿಂಗ್ ಕಂಪನಿಯನ್ನು ಅಲ್ಲಿ ಕೂರಿಸಿದವರು ಯಾರು? ಅಂಗಡಿಯವರು. ಗಿರಾಕಿಗಳು ಅವರ ಅಂಗಡಿಗೇ ಬರುವವರು. ಕಾನೂನಿನ ಕರ್ತವ್ಯ ಅವರಿಗೂ ಇದೆ. ಚಾರ್ಜ್ ರದ್ದು ಮಾಡಿ ಅಂತ ಕಂಪನಿಗೆ ಹೇಳುವ ಬಾಯಿಯೂ ಬಹಳ ಸಲ ಅವರದೇ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ? ಅದಕ್ಕೆ ಅಂಗಡಿಯ ಮುಖ್ಯ ಕಚೇರಿಗೆ ಒಂದು ಪ್ರತಿ ಕಳಿಸಿ, ಇನ್ನೊಂದನ್ನು ಮ್ಯಾನೇಜರ್ ಕೈಗೇ ಕೊಡಲು ಹೋದೆವು. ಮಾತಾಡಿದ್ದು ನಾನಲ್ಲ, ದೊಡ್ಡವ್ವ. ಮ್ಯಾನೇಜರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕೌಂಟರಿನ ಹಿಂದೆ ನಿಂತು ನಿಮಿಷದ ಹಾಳೆ ಓದುತ್ತಿದ್ದವಳು ಅರ್ಧಕ್ಕೆ ನಿಲ್ಲಿಸಿ, ಈಚೆ ಬಂದು ದೊಡ್ಡವ್ವನಿಗೆ ಕುರ್ಚಿ ಹಾಕಿ, ತಾನೂ ಪಕ್ಕದಲ್ಲಿ ಕೂತು ಉಳಿದದ್ದನ್ನು ಓದಿದಳು. ದೊಡ್ಡವ್ವ ತಮ್ಮ ಇಂಗ್ಲಿಷಿನಲ್ಲಿ, "ನಾನು ಇಲ್ಲಿಗೆ ಹದಿನೈದು ವರ್ಷದಿಂದ ಬರುತ್ತಿದ್ದೇನೆ, ಮೊದಲು ಬೇಗ ನಡೆಯುತ್ತಿದ್ದೆ" ಅಂದರು. ಒಂಬತ್ತು ದಿನಕ್ಕೆ ಚಾರ್ಜ್ ರದ್ದಾಯಿತು ಅಂತ ಇಮೇಲ್ ಬಂತು. ಪಾಪ್ಲಾ ಕೋಡ್ ಬಳಸಲೇ ಇಲ್ಲ. ಮುಂದಕ್ಕೆ ಅವರ ಕಾರಿನ ನಂಬರಿಗೆ ಹೆಚ್ಚು ಸಮಯ ಸಿಗುವಂತೆ ದಾಖಲು ಮಾಡಿಸಿದ್ದೂ ಆ ಮ್ಯಾನೇಜರೇ. ರದ್ದು ಮಾಡಿ ಅಂತ ಮಾತ್ರ ಕೇಳಿದ್ದರೆ ಮುಂದಿನ ತಿಂಗಳು ಇನ್ನೊಂದು ಕಾಗದ ಬರುತ್ತಿತ್ತು.

ಎಲ್ಲರಿಗೂ ಹೀಗೇ ಆಗುತ್ತದೆ ಅಂತ ಹೇಳಲಾರೆ. ಆಗದಿದ್ದರೆ ಏನು ಅಂತಲೂ ತಿಳಿದಿರಲಿ. ಸಾಲ ವಸೂಲಿಯವರ ಕಾಗದ ಬರುತ್ತದೆ, 100 ಇದ್ದದ್ದು 170 ಆಗಿರುತ್ತದೆ. ಅವರು ಕೋರ್ಟಿನ ಪರವಾಗಿ ಜಪ್ತಿ ಮಾಡುವ ಬೇಲಿಫ್‌ಗಳಲ್ಲ. ಮನೆಯ ಸಾಮಾನು ಮುಟ್ಟುವ ಅಧಿಕಾರ ಅವರಿಗಿಲ್ಲ. ಕೋರ್ಟಿನ ಕ್ಲೇಮ್ ಫಾರ್ಮ್ ಬಂದರೆ ಮಾತ್ರ ಒಂದು ದಿನವೂ ತಡ ಮಾಡಬೇಡಿ. ಅದು ಹೊರಟ ತಾರೀಕಿನಿಂದ ಐದನೇ ದಿನ ನಿಮಗೆ ತಲುಪಿತು ಅಂತ ಹಿಡಿಯುತ್ತಾರೆ. ಅಲ್ಲಿಂದ 14 ದಿನದೊಳಗೆ "ತಲುಪಿದೆ, ಎದುರಿಸುತ್ತೇನೆ" ಅಂತ ತಿಳಿಸಿದರೆ ನಿಮ್ಮ ವಾದ ಬರೆಯಲು ಒಟ್ಟು 28 ದಿನ ಸಿಗುತ್ತದೆ. ಸುಮ್ನೆ ಇದ್ದರೆ ನಿಮ್ಮ ಮಾತು ಕೇಳದೆಯೇ ತೀರ್ಪು ಬರುತ್ತದೆ, ಒಂದು ತಿಂಗಳೊಳಗೆ ಪೂರ್ತಿ ಕಟ್ಟದಿದ್ದರೆ ಅದು ಆರು ವರ್ಷ ದಾಖಲೆಯಲ್ಲಿ ಉಳಿಯುತ್ತದೆ. ಮನೆ ಸಾಲ ಕೇಳಲು ಹೋದಾಗ ಎದುರಿಗೆ ಬರುತ್ತದೆ. ಮನೆ ಬದಲಿಸಿದವರು ಡಿವಿಎಲ್‌ಎಯಲ್ಲಿ ವಿಳಾಸ ಬದಲಿಸಿ. ಕಾಗದ ಹಳೇ ಮನೆಗೆ ಹೋಗಿ ಬಿದ್ದಿರುತ್ತದೆ, ಇಲ್ಲಿ ನಿಮಗೆ ಸುದ್ದಿಯೇ ಇರುವುದಿಲ್ಲ.

ಭೇದಭಾವ ಆಯಿತು ಅಂತ ನೀವೇ ಕೇಸು ಹಾಕುವುದಾದರೆ ಅದಕ್ಕೆ ಗಡುವು ಆರು ತಿಂಗಳಿಗೆ ಒಂದು ದಿನ ಕಡಿಮೆ. ಮೇಲ್ಮನವಿಗಳ ನಡುವೆ ಅದು ಜಾರಿಹೋಗುವುದು ಸುಲಭ.

ಸಣ್ಣ ಮೊತ್ತದ ಕೇಸಿನಲ್ಲಿ ವಕೀಲರಲ್ಲದ ಸ್ನೇಹಿತರೂ ಪಕ್ಕದಲ್ಲಿ ಕೂತು ಮಾತಾಡಬಹುದು. ಆದರೆ ಯಾರ ಕೇಸೋ ಅವರೂ ಹಾಜರಿರಬೇಕು. "ನೀನೇ ಹೋಗಿ ಬಾರಪ್ಪಾ" ಅಂದರೆ ನಡೆಯುವುದಿಲ್ಲ. ಬರಲು ಕಷ್ಟ ಇದ್ದರೆ ಫೋನಿನಲ್ಲಿ ಮಾತಾಡುವುದಕ್ಕೆ, ನಡುವೆ ವಿರಾಮಕ್ಕೆ ಕೋರ್ಟಿಗೆ ಮೊದಲೇ ಬರೆದು ಕೇಳಿ.

ಮನೆಯಲ್ಲಿ ಇಂಥ ಕಾಗದ ಇದ್ದವರು ಯಾರಾದರೂ ಇದ್ದರೆ, ನಾನು ಊಟ ಮುಗಿಯುವ ತನಕ ಹಿಂದಿನ ಮೇಜಿನ ಹತ್ತಿರ ಕೂತಿರುತ್ತೇನೆ. ಇವತ್ತು ತಂದಿಲ್ಲವಾದರೆ ಮುಂದಿನ ಭಾನುವಾರ ತನ್ನಿ. ಲಕೋಟೆ ಸಮೇತ ತನ್ನಿ. ಕಾಗದ ಯಾರ ಹೆಸರಿಗೆ ಬಂದಿದೆಯೋ ಅವರಿಗೆ ಬರಲು ಆಗದಿದ್ದರೆ ಹೇಳಿ, ನಾನೇ ಮನೆಗೆ ಬರುತ್ತೇನೆ.